ಮೈದಾ, ಉಪ್ಪು, ಒಂದು ಹಳೇ ಬಳೆ: ಪುಟ್ಟ ಮಕ್ಕಳ ಜೊತೆ ಕ್ರಿಸ್‌ಮಸ್ ಅಲಂಕಾರ

ಮೈದಾ ಎರಡು ಲೋಟ, ಪುಡಿ ಉಪ್ಪು ಒಂದು ಲೋಟ, ನೀರು ಹೆಚ್ಚೂಕಮ್ಮಿ ಮುಕ್ಕಾಲು ಲೋಟ. ಮರಕ್ಕೆ ತೂಗುಹಾಕುವ ನಕ್ಷತ್ರ, ಗಂಟೆ, ಹೃದಯ ಎಲ್ಲಾ ಇಷ್ಟರಲ್ಲೇ ಆಗುತ್ತವೆ. ಕಮರ್ಷಿಯಲ್ ಸ್ಟ್ರೀಟಿನ ರಷ್ಷಿನಲ್ಲಿ ಮಗುವಿನ ಕೈ ಹಿಡಿದುಕೊಂಡು ಹೋಗಿ ಹೊಳೆಯುವ ಪ್ಲಾಸ್ಟಿಕ್ ಚೆಂಡು ತರುವುದು ಸುಲಭವೇ, ಆದರೆ ಅದರಲ್ಲಿ ಮಗುವಿಗೆ ಮಾಡಲು ಏನೂ ಇರುವುದಿಲ್ಲ, ಅಲ್ವಾ?

ಮೊದಲು ದಿನ ಲೆಕ್ಕ ಹಾಕಿಕೊಳ್ಳಿ. ಎಲ್ಲವನ್ನೂ ಒಂದೇ ಭಾನುವಾರ ಮುಗಿಸಲು ಹೋಗಬೇಡಿ. ಮೂರು–ನಾಲ್ಕು ವರ್ಷದವರು ಒಂದು ಕಡೆ ಕೂರುವುದು ಇಪ್ಪತ್ತು ನಿಮಿಷ, ಜಾಸ್ತಿ ಅಂದರೆ ಅರ್ಧ ಗಂಟೆ. ಹಿಟ್ಟಿನ ಕೆಲಸ ಒಂದು ದಿನ, ಬಣ್ಣ ಇನ್ನೊಂದು ದಿನ. ನಡುವೆ ಒಣಗಲು ಹೇಗೂ ಸಮಯ ಬೇಕು. ಬೆಂಗಳೂರಿನ ಡಿಸೆಂಬರ್ ಬಿಸಿಲನ್ನು ನಂಬುವ ಹಾಗೂ ಇಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದರೆ ಇಲ್ಲಿ ದಿನಗಟ್ಟಲೆ ಮೋಡ, ತುಂತುರು. 10ನೇ ತಾರೀಕಿನೊಳಗೆ ಶುರು ಮಾಡಿದರೆ ನೆಮ್ಮದಿ.

ಹಿಟ್ಟು ಉಪ್ಪು ಬೆರೆಸುವುದು ಮಗುವಿನ ಕೆಲಸ, ನೀರು ಮಾತ್ರ ನೀವೇ ಸ್ವಲ್ಪ ಸ್ವಲ್ಪ ಹಾಕಿ. ಕಲ್ಲುಪ್ಪು ಬೇಡ, ಹರಳು ಕರಗದೆ ಮೇಲೆಲ್ಲಾ ಗುಳಿ ಬೀಳುತ್ತದೆ. ಗೋಧಿ ಹಿಟ್ಟಿನಲ್ಲೂ ಮಾಡಬಹುದು, ಆದರೆ ಒಣಗಿದಾಗ ಕಂದಾಗಿ ಬಣ್ಣ ಎದ್ದು ಕಾಣುವುದಿಲ್ಲ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಐದಾರು ನಿಮಿಷ ಚೆನ್ನಾಗಿ ನಾದಿ, ಇಲ್ಲದಿದ್ದರೆ ಅಂಚು ಬಿರಿಯುತ್ತದೆ. ಉಗುರು ಕಚ್ಚುವ ಮಗುವಾದರೆ ಬೆರಳ ತುದಿ ನೋಡಿಕೊಳ್ಳಿ, ಉಪ್ಪು ಉರಿಯುತ್ತದೆ.

ಒಂದು ಚೂರು ಬಾಯಿಗೆ ಹಾಕಿಕೊಂಡರೆ ಮಕ್ಕಳು ತಾವೇ ಥೂ ಅಂತ ಉಗಿಯುತ್ತಾರೆ. ಆದರೂ ತಿನ್ನಲು ಬಿಡಬೇಡಿ, ಇಷ್ಟೊಂದು ಉಪ್ಪು ಹೊಟ್ಟೆಗೆ ಹೋಗುವುದು ಅಪಾಯ. ಮನೆಯಲ್ಲಿ ನಾಯಿ ಇದ್ದರೆ ಇನ್ನೂ ಹುಷಾರು, ಕೆಳಗಿನ ಕೊಂಬೆಗೆ ಇವನ್ನು ಕಟ್ಟಲೇಬೇಡಿ.

ಈಗ ಮಜಾ. ಬಟರ್ ಪೇಪರ್ ಮೇಲೆ ಹಿಟ್ಟಿಟ್ಟು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಅಚ್ಚು ಕೊಳ್ಳುವುದು ಬೇಕಾಗಿಲ್ಲ. ಹಳೇ ಬಳೆ ಒತ್ತಿದರೆ ದುಂಡನೆ ಬಿಲ್ಲೆ ಬರುತ್ತದೆ, ಸ್ಟೀಲ್ ಡಬ್ಬಿ ಮುಚ್ಚಳದಲ್ಲಿ ಇನ್ನೂ ದೊಡ್ಡದು. ಬೇವಿನ ಎಲೆಯ ಬೆನ್ನಿನ ಕಡೆಯನ್ನು ಬಿಲ್ಲೆ ಮೇಲಿಟ್ಟು ಒತ್ತಲು ಹೇಳಿ, ಆಮೇಲೆ ಮೆಲ್ಲಗೆ ತುದಿ ಹಿಡಿದು ಎತ್ತಿದರೆ ನರನರವೂ ಮೂಡಿರುತ್ತದೆ, ಅದನ್ನು ನೋಡಿದ ಮಗು ಬಾಲ್ಕನಿಯಲ್ಲಿರುವ ಎಲ್ಲಾ ಗಿಡಗಳ ಎಲೆ ಕೀಳಲು ಓಡುತ್ತದೆ. ಓಡಲಿ. ಕ್ರಿಸ್‌ಮಸ್‌ಗೆ ಕಲ್‌ಕಲ್ ಅನ್ನುವ ಕರಿದ ಸಿಹಿತಿಂಡಿ ಮಾಡುವ ಮನೆಯಾದರೆ ಫೋರ್ಕಿನ ಬೆನ್ನಿಗೆ ಹಿಟ್ಟು ಒತ್ತಿ ಗೆರೆ ಎಬ್ಬಿಸುವುದು ಗೊತ್ತೇ ಇರುತ್ತದೆ, ಇಲ್ಲೂ ಅದನ್ನೇ ಮಾಡಬಹುದು. ಎರಡು ಹೆಬ್ಬೆರಳನ್ನು ಓರೆಯಾಗಿ, ಕೆಳಗೆ ಕೂಡುವಂತೆ ಒತ್ತಿದರೆ ಹೃದಯ. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಗೆ, ಕುರಿ ಬೇಕಾದರೆ ಹಿಟ್ಟನ್ನು ತುಸು ಮೆದು ಮಾಡಿಕೊಂಡು ಚಕ್ಕುಲಿ ಒರಳಿನ ಸೇವ್ ಬಿಲ್ಲೆಯಲ್ಲಿ ಒತ್ತಿ, ಒಳ್ಳೇ ಉಣ್ಣೆ ಬರುತ್ತದೆ. ಒರಳನ್ನು ತಕ್ಷಣ ತೊಳೆದಿಡಿ.

ತೂತು ಮರೆತರೆ ಎಲ್ಲಾ ಕೆಟ್ಟಿತು. ಹಸಿ ಇರುವಾಗಲೇ ಸ್ಟ್ರಾ ಚುಚ್ಚಿ ತೆಗೆಯಿರಿ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ. ಹಿಂದುಗಡೆ ಕಡ್ಡಿಯಿಂದ ಮಗುವಿನ ಹೆಸರು, ವರ್ಷ ಬರೆಯಿರಿ.

ಓವನ್ ಇದ್ದರೆ 100ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ, ನಡುವೆ ಒಮ್ಮೆ ಮಗುಚಿ. ಬೇಗ ಆಗಲಿ ಅಂತ ಶಾಖ ಏರಿಸಿದರೆ ಉಬ್ಬುತ್ತದೆ. ಓವನ್ ಇಲ್ಲವೇ? ಮೊರದ ಮೇಲೆ ಹರಡಿ ಟೆರೇಸಿನಲ್ಲಿಡಿ, ಮೂರರಿಂದ ಐದು ದಿನ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ, ಉಪ್ಪು ತೇವ ಎಳೆದುಕೊಳ್ಳುತ್ತದೆ. ಉಗುರಿನಿಂದ ಬಡಿದಾಗ ಟಕ್ ಅನ್ನಬೇಕು. ಅಡಿ ಇನ್ನೂ ತಣ್ಣಗಿದ್ದರೆ ಒಳಗೆ ಹಸಿ ಇದೆ ಅಂತಲೇ ಲೆಕ್ಕ.

ಬಣ್ಣಕ್ಕೆ ಪೋಸ್ಟರ್ ಅಥವಾ ಅಕ್ರಿಲಿಕ್. ನೀರು ಜಾಸ್ತಿ ಬೆರೆಸಿದರೆ ಬಿಲ್ಲೆ ಮತ್ತೆ ಮೆತ್ತಗಾಗುತ್ತದೆ. ಗ್ಲಿಟರ್ ಮಾತ್ರ ಬೇಡವೇ ಬೇಡ, ಸಂಕ್ರಾಂತಿಗೂ ಅದು ಹಾಸಿಗೆಯಲ್ಲಿ, ಅನ್ನದ ತಟ್ಟೆಯಲ್ಲಿ ಸಿಗುತ್ತಲೇ ಇರುತ್ತದೆ. ಫೆವಿಕಾಲ್ ಸವರಿ ಸಬ್ಬಕ್ಕಿ ಉದುರಿಸಿ, ಹಿಮ ಬಿದ್ದ ಹಾಗೆ ಚೆನ್ನಾಗಿ ಕಾಣುತ್ತದೆ. ಮೂರು ವರ್ಷದೊಳಗಿನವರು ಮನೆಯಲ್ಲಿದ್ದರೆ ಮಣಿ, ಗುಂಡಿ ದೂರವಿಡಿ, ಗಂಟಲಿಗೆ ಸಿಕ್ಕಬಹುದು. ಕೊನೆಗೆ ಎರಡೂ ಬದಿಗೆ ವಾರ್ನಿಷ್, ಇದು ದೊಡ್ಡವರ ಕೆಲಸ, ಕಿಟಕಿ ತೆಗೆದಿಟ್ಟು.

ಹಿಟ್ಟು ಬೇಸರವಾಯಿತೆಂದರೆ ಬೀರುವಿನಲ್ಲಿರುವ ಮದುವೆ ಕಾರ್ಡುಗಳನ್ನು ಇಳಿಸಿ. ಕೆಂಪು, ಚಿನ್ನದ ಬಣ್ಣದ ದಪ್ಪ ಕಾಗದ ಪುಕ್ಕಟೆ ಸಿಕ್ಕ ಹಾಗಾಯಿತು, ಆದರೆ ಗಣಪತಿ ಇರುವ ಭಾಗಕ್ಕೆ ಕತ್ತರಿ ಹಾಕಬೇಡಿ, ಅಜ್ಜಿ ಬಿಡುವುದಿಲ್ಲ. ಫುಟ್‌ಪಾತಿನಲ್ಲಿ ಬಿದ್ದ ಜಕರಂಡಾದ ಚಪ್ಪಟೆ ಕಾಯಿ, ಸರ್ವೆ ಮರದ ಪುಟ್ಟ ಕಾಯಿಗಳಿಗೂ ಬಣ್ಣ ಹಚ್ಚಬಹುದು.

ನಮ್ಮಲ್ಲಿ ಕ್ರಿಸ್‌ಮಸ್ ಟ್ರೀ ಅಂತ ಕುಂಡದಲ್ಲಿ ಮಾರುವುದು ಹೆಚ್ಚಾಗಿ ಅರಾಕೇರಿಯಾ. ಅದರ ಕೊಂಬೆ ತುದಿ ಬಾಗುತ್ತದೆ, ಭಾರದವನ್ನು ಕಾಂಡದ ಹತ್ತಿರ ಕಟ್ಟಿ. ಒಂದೇ ಕೊಂಬೆಗೆ ಏಳೆಂಟು ಕಟ್ಟಿದರೂ ಸುಮ್ನಿರಿ. ರಾತ್ರಿ ಮಗು ಮಲಗಿದ ಮೇಲೆ ಸರಿ ಮಾಡಲು ಹೋದರೆ ಬೆಳಗ್ಗೆ ರಂಪ. ಹಬ್ಬ ಮುಗಿದ ಮೇಲೆ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಗೆ ಹಾಕಿಡಿ. ಜೂನ್ ಮಳೆ ಶುರುವಾದಾಗ ಒಮ್ಮೆ ತೆಗೆದು ನೋಡಿ, ಮೆತ್ತಗಾಗಿದ್ದರೆ ಓವನ್ನಿನಲ್ಲಿ ಸಣ್ಣ ಶಾಖಕ್ಕೆ ಇಟ್ಟು ಮತ್ತೆ ಒಣಗಿಸಿ.