ಚಕ್ರ ನೆಲ ಮುಟ್ಟಿದ ಮೇಲಿನ ಹತ್ತು ಸೆಕೆಂಡು

ಸೋಲೊ (ವಿದ್ಯಾರ್ಥಿ ಒಬ್ಬನೇ ಹಾರಿಸುವ) ಲ್ಯಾಂಡಿಂಗ್‌ನಲ್ಲಿ ನನ್ನ ವಿದ್ಯಾರ್ಥಿಗಳ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗುವುದು ಈಗ ನಿಂತಿದೆ. "ಸುಮ್ನೆ ಗಂಟೆ ದಂಡ, ಇಂಧನ ದಂಡ" ಅಂತ ಜೊತೆಯ ಇನ್‌ಸ್ಟ್ರಕ್ಟರ್‌ಗಳು ಹೇಳಿದ್ದ ವಿಧಾನದಿಂದಲೇ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ಸೆಸ್ನಾ 152, 172 ಅನ್ನೋ ಪುಟ್ಟ ತರಬೇತಿ ವಿಮಾನಗಳದ್ದು, ನೆನಪಿನಿಂದ.

ಮೊದಲು ಮಾಡಿ ನೋಡಿದ್ದು ಹೈ ಸ್ಪೀಡ್ ಟ್ಯಾಕ್ಸಿ, ಅಂದರೆ ಹಾರದೆ ನೆಲದ ಮೇಲೇ ಜೋರಾಗಿ ಓಡಿಸುವುದು. 35–40 ನಾಟ್‌ವರೆಗೆ (ಗಂಟೆಗೆ ಸುಮಾರು 65–75 ಕಿ.ಮೀ.) ಓಡಿಸಿ ಕಾಲು ಪಳಗಿಸೋಣ ಅಂತ. ಟೈರ್ ಸವೆಯಿತು, ಬ್ರೇಕ್ ಪ್ಯಾಡ್ ಸವೆಯಿತು, ಫಲ ಅಷ್ಟಕ್ಕಷ್ಟೆ. ಅಲ್ಲಿ ನೋಸ್ ವೀಲ್ (ಮೂಗಿನ ಕೆಳಗಿನ ಚಕ್ರ) ನೆಲದಲ್ಲಿರುತ್ತದೆ, ತಿರುಗಿಸುವ ಕೆಲಸವನ್ನು ಅದೇ ಮಾಡುತ್ತದೆ. ಲ್ಯಾಂಡಿಂಗ್‌ನ ಮೊದಲ ಕ್ಷಣಗಳಲ್ಲಿ ಇರುವುದು ರಡ್ಡರ್ ಒಂದೇ, ಕಾಲಿನ ಪೆಡಲ್‌ನಿಂದ ಆಡುವ ಬಾಲದ ಹಲಗೆ. ಸಿಮ್ಯುಲೇಟರ್ ಕೂಡ ಕೈಕೊಟ್ಟಿತು. ವಿಮಾನ ಪಕ್ಕಕ್ಕೆ ಜಾರುವುದು ಅಲ್ಲಿ ಮೈಗೆ ಗೊತ್ತಾಗುವುದಿಲ್ಲ.

ದಾರಿ ತೋರಿಸಿದ್ದು ಪೆಡಲ್‌ಗೆ ತಗಲದ ಹಾಗೆ ಬದಿಗೆ ಕಟ್ಟಿದ ಪುಟ್ಟ ಕ್ಯಾಮೆರಾ. ಫ್ಲೇರ್‌ವರೆಗೆ, ಅಂದರೆ ನೆಲ ಮುಟ್ಟುವ ಮುಂಚೆ ಮೂಗು ಎತ್ತುವವರೆಗೆ, ಪಾದ ಚೆನ್ನಾಗಿ ಆಡುತ್ತದೆ. ಮೇನ್ ವೀಲ್ (ಹಿಂದಿನ ಎರಡು ಚಕ್ರ) ಮುಟ್ಟಿದ್ದೇ ತಡ, ಎರಡೂ ಪಾದ ಕಲ್ಲಾಗುತ್ತವೆ. ಕೈ, ರೆಕ್ಕೆ ವಾಲಿಸುವ, ಮೂಗು ಎತ್ತುವ ಹಿಡಿಯಾದ ಯೋಕನ್ನು ಕಾರಿನ ಸ್ಟೀರಿಂಗ್ ಥರ ತಿರುಗಿಸುತ್ತದೆ. ಒಬ್ಬ ಹುಡುಗ ವಿಡಿಯೊ ನೋಡಿ, "ಸರ್, ರಡ್ಡರ್ ಒತ್ತಿದೀನಿ ಅಂತಲೇ ಅಂದ್ಕೊಂಡಿದ್ದೆ" ಅಂದ. ಅವನ ಹಿಮ್ಮಡಿ ನೆಲ ಬಿಟ್ಟಿತ್ತು, ಬೆರಳು ಪೆಡಲ್‌ನ ಮೇಲ್ತುದಿಯ ಬ್ರೇಕ್ ಮೇಲಿತ್ತು.

ಸೋಲೊದಲ್ಲಿ ಪಕ್ಕದ ಸೀಟು ಖಾಲಿ, 70–80 ಕಿಲೊ ಕಡಿಮೆ. ಅದೇ ಸ್ಪೀಡಿಗೆ ವಿಮಾನ ಜಾಸ್ತಿ ತೇಲುತ್ತದೆ. ಹುಡುಗರು ಅವಸರಕ್ಕೆ ಮೂಗು ತಗ್ಗಿಸುತ್ತಾರೆ. ನೋಸ್ ವೀಲ್ ಮೊದಲು ಕೂತರೆ ಅದೇ ತಿರುಗಣಿ ಆಗುತ್ತದೆ, ಬಾಲ ಬದಿಗೆ ಬೀಸುತ್ತದೆ.

ನನ್ನ ವಿಧಾನ ಇದು. ಉದ್ದದ ರನ್‌ವೇ, 5–6 ನಾಟ್ ಕ್ರಾಸ್‌ವಿಂಡ್ (ಅಡ್ಡಗಾಳಿ). ಇಳಿಯದೆ, ನಾಲ್ಕೈದು ಅಡಿ ಎತ್ತರದಲ್ಲಿ ಸೆಂಟರ್‌ಲೈನ್ ಮೇಲೆ ಹಾರಿಸುವುದು. ಥ್ರಾಟಲ್ (ಎಂಜಿನ್ ಪವರ್) ನನ್ನದು, ಯೋಕ್ ಮತ್ತು ಪೆಡಲ್ ಅವರದು. ಏಲರಾನ್‌ನಿಂದ (ಯೋಕ್ ತಿರುಗಿಸಿದರೆ ಆಡುವ ರೆಕ್ಕೆಯ ಹಲಗೆ) ಗೆರೆ ಬಿಡದೆ ಇರಬೇಕು, ರಡ್ಡರ್‌ನಿಂದ ಮೂಗು ನೇರ ಇರಬೇಕು. ಮಾಮೂಲಿ ಫ್ಲೇರ್ ಮೂರ್ನಾಲ್ಕು ಸೆಕೆಂಡಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಅದೇ ಸ್ಥಿತಿ ಇಪ್ಪತ್ತು ಸೆಕೆಂಡು ಸಿಗುತ್ತದೆ. ಅದು ರೂಢಿಯಾದ ಮೇಲೆ, ಗಾಳಿ ಬರುವ ಕಡೆಯ ಒಂದೇ ಚಕ್ರ ಮುಟ್ಟಿಸಿ ಉರುಳಿಸುವುದು. ಅದಕ್ಕೆ ಪವರ್ ಎಷ್ಟು ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಒಂದೊಂದು ವಿಮಾನಕ್ಕೆ ಒಂದೊಂದು, ಇನ್‌ಸ್ಟ್ರಕ್ಟರ್ ತಾನೇ ಕಂಡುಕೊಳ್ಳಬೇಕು.

ಆಮೇಲೆ ಟಚ್ ಅಂಡ್ ಗೋ, ಅಂದರೆ ಚಕ್ರ ಮುಟ್ಟಿಸಿ ನಿಲ್ಲಿಸದೆ ಮತ್ತೆ ಹಾರುವುದು, ಬಂದ್. ಕಲಿಯಬೇಕಾದ ಹತ್ತು ಸೆಕೆಂಡನ್ನೇ ಅದು ನುಂಗುತ್ತದೆ ಅಲ್ವಾ? ಪ್ರತಿ ಸಲ ಫುಲ್ ಸ್ಟಾಪ್. ಸ್ಪೀಡ್ ಅರ್ಧಕ್ಕೆ ಇಳಿದರೆ ರಡ್ಡರ್ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ನಿಧಾನವಾದಷ್ಟೂ ಪೆಡಲ್ ಜಾಸ್ತಿ, ಗಾಳಿ ಕಡೆಗೆ ಏಲರಾನ್ ಜಾಸ್ತಿ, ಯೋಕ್ ಹಿಂದಕ್ಕೆ. ಹಿಮ್ಮಡಿ ನೆಲಕ್ಕೆ.

ದುಡ್ಡಿನ ಮಾತು. ಗಂಟೆಗೆ ಎಂಟು ಲ್ಯಾಂಡಿಂಗ್ ಆಗುತ್ತಿದ್ದ ಕಡೆ ಐದಾಗುತ್ತದೆ. ಒಬ್ಬ ವಿದ್ಯಾರ್ಥಿಗೆ ಎರಡು ಮೂರು ಗಂಟೆ ಹೆಚ್ಚು ಬೀಳುತ್ತದೆ. ಆಕ್ಷೇಪ ಬಂದಿದ್ದೇ ಇದಕ್ಕೆ. ಆದರೆ ಒಂದು ಪ್ರಾಪ್ ಸ್ಟ್ರೈಕ್ (ಪ್ರೊಪೆಲ್ಲರ್ ನೆಲಕ್ಕೆ ಬಡಿಯುವುದು) ಲೆಕ್ಕ ಹಾಕಿ. ಪ್ರೊಪೆಲ್ಲರ್ ಹೋಯಿತು, ಎಂಜಿನ್ ಬಿಚ್ಚಿ ನೋಡಬೇಕು, ವಿಮಾನ ತಿಂಗಳುಗಟ್ಟಲೆ ಹ್ಯಾಂಗರ್‌ನಲ್ಲಿ. ಆ ದುಡ್ಡಿನಲ್ಲಿ ಇಡೀ ಬ್ಯಾಚಿಗೆ ಈ ಹೆಚ್ಚುವರಿ ಗಂಟೆ ಕೊಡಬಹುದು. ಈಗ ಆಕ್ಷೇಪಿಸಿದವರೇ ತಮ್ಮ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಾರೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಎಡ ಸೀಟಲ್ಲಿ ಕೂತವರು ಕೌಲಿಂಗ್‌ನ (ಎಂಜಿನ್ ಮುಚ್ಚಳದ) ನಡುಭಾಗ ನೋಡಿ ಮೂಗನ್ನು ಓರೆ ಮಾಡುತ್ತಾರೆ. ಅದಕ್ಕೆ ಅವರ ಕಣ್ಣಿನ ನೇರಕ್ಕೆ ಗಾಜಿನ ಮೇಲೆ ಚುಕ್ಕೆ ಇಟ್ಟೆ. ಕೆಲಸ ಮಾಡಿತು, ಆದರೆ ಸೀಟು ಒಂದು ಕಚ್ಚು ಸರಿದರೂ ಚುಕ್ಕೆ ಸುಳ್ಳು ಹೇಳುತ್ತದೆ. ರನ್‌ವೇಯ ಆ ತುದಿ ನೋಡಿಸುವುದೇ ಮೇಲು.

ಸೋಲೊಗೆ ಬಿಡುವ ಮುಂಚೆ ನಾನು ಕೊಡುವ ಕೊನೆಯ ಪರೀಕ್ಷೆ ಗುಟ್ಟು, ಮೊದಲೇ ಗೊತ್ತಾದರೆ ಅದು ನಡೆಯಲ್ಲ. ಅದಲ್ಲದೆ ಈಗ ಲೋ ಪಾಸ್ (ಇಳಿಯದೆ ರನ್‌ವೇ ಮೇಲೆ ತಗ್ಗಿನಲ್ಲಿ ಹಾರಿಸುವ ಆ ಅಭ್ಯಾಸ) ನಡುವೆಯೇ "ಗೋ ಅರೌಂಡ್", ಅಂದರೆ ಇಳಿಯುವುದು ಬಿಟ್ಟು ಮೇಲೇರು, ಅಂತ ಕೂಗುವುದನ್ನು ಸೇರಿಸಿದ್ದೇನೆ. ಫುಲ್ ಪವರ್ ಕೊಟ್ಟಾಗ ಮೂಗು ಎಡಕ್ಕೆ ಎಳೆಯುತ್ತದಲ್ಲ, ಬಲಗಾಲು ಎಷ್ಟು ಬೇಗ ಪೆಡಲ್ ಒತ್ತುತ್ತದೆ ನೋಡಬೇಕು. ಕೆಲವರದು ಇನ್ನೂ ತಡವಾಗುತ್ತಿದೆ.