ಸರಾಸರಿ ಮಳೆ ನಂಬಿ ರಾಗಿ ಬಿತ್ತೋಕಾಗಲ್ಲ

ಯಲಹಂಕ ದಾಟಿ ಹೆಸರಘಟ್ಟದ ಕಡೆ ನಮಗೊಂದಿಷ್ಟು ಕೆಂಪು ಮಣ್ಣಿನ ಹೊಲ ಇದೆ. ಬೋರ್‌ವೆಲ್ ನೀರು ಮನೆಗೂ ಹಸುಗಳಿಗೂ ಸರಿಹೋಗುತ್ತದೆ. ರಾಗಿ ಬರೀ ಮಳೆಯ ಮೇಲೆ. ಅದಕ್ಕೇ ನಾನು ಮಳೆ ಅಳೆದು ಬರೆದಿಡುವುದನ್ನು ರೂಢಿ ಮಾಡಿಕೊಂಡೆ.

ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 118 ಸೆಂ.ಮೀ. ಮಳೆ ಬೀಳುತ್ತದೆ. ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಉಳುವ ಭೂಮಿಯಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಮಳೆ ಬಿಟ್ಟರೆ ಬೇರೆ ನೀರಿಲ್ಲ. ಹಾಗಾಗಿ ಅಣೆಕಟ್ಟು, ಬೇಳೆ ಬೆಲೆ ಎಲ್ಲದಕ್ಕೂ ಈ ಲೆಕ್ಕ ಬೇಕೇ ಬೇಕು. ಆದರೆ ಮೇಘಾಲಯದ ಮೌಸಿನ್‌ರಾಮ್‌ನ 1,100 ಸೆಂ.ಮೀ.ಗೂ ಜಾಸ್ತಿ ಮಳೆ, ಜೈಸಲ್ಮೇರ್‌ನ 20ರ ಆಸುಪಾಸಿನ ಮಳೆ ಎರಡೂ ಸೇರಿಯೇ ಆ ಸರಾಸರಿ ಆಗಿರುವುದು. 2023ನ್ನೇ ನೋಡಿ. ದೇಶದ ಮುಂಗಾರು ವಾಡಿಕೆಯ ಶೇ 94ರಷ್ಟು ಬಂತು. ಕೇಳಿದರೆ ಪರವಾಗಿಲ್ಲ ಅನಿಸುತ್ತೆ ಅಲ್ವಾ? ಆದರೆ ಆ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ನಮ್ಮ ರಾಜ್ಯದಲ್ಲಿ 200ಕ್ಕೂ ಜಾಸ್ತಿ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ಅದರ ಹಿಂದಿನ ವರ್ಷವೇ ಬೆಂಗಳೂರಿನಲ್ಲಿ 170 ಸೆಂ.ಮೀ. ದಾಟಿ 2017ರ ದಾಖಲೆ ಮುರಿದಿತ್ತು.

ನನ್ನ ಮಳೆಮಾಪಕ ಒಂದು ಡಬ್ಬಿ ಅಷ್ಟೇ. ಬಾಯಿ ಎಷ್ಟು ಅಗಲ ಇದ್ದರೂ ಚಿಂತೆಯಿಲ್ಲ. ತಳದಿಂದ ಬಾಯಿವರೆಗೆ ಒಂದೇ ಅಳತೆ ಇರಬೇಕು, ತಳ ಸಮವಾಗಿರಬೇಕು. ಸ್ಕೇಲ್ ಇಳಿಬಿಟ್ಟರೆ ನೀರು ಎಷ್ಟು ಮಿ.ಮೀ. ನಿಂತಿದೆಯೋ ಅಷ್ಟೇ ಮಳೆ. ಮರ, ಮನೆ, ಶೆಡ್ಡಿನಿಂದ ದೂರ ಇಡಬೇಕು. ಹವಾಮಾನ ಇಲಾಖೆಯವರ ಹಾಗೆ ನಾನೂ ಬೆಳಿಗ್ಗೆ 8.30ಕ್ಕೆ ನೋಡಿ, ಬರೆದು, ಚೆಲ್ಲಿಬಿಡುತ್ತೇನೆ. 10 ಮಿ.ಮೀ. ಅಂದರೆ ಎಕರೆಗೆ ಸುಮಾರು 40,000 ಲೀಟರ್ ನೀರು. ಆರು ಸಾವಿರ ಲೀಟರಿನ ಟ್ಯಾಂಕರ್ ಆರೇಳು! ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕದಲ್ಲಿ ತಿಂಗಳ ಹೆಸರಿಲ್ಲ. ಅಪ್ಪ ಹೇಳುತ್ತಿದ್ದ ಹಾಗೆ ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಮಳೆ ನಕ್ಷತ್ರಗಳ ಹೆಸರಲ್ಲೇ ಬರೆಯುತ್ತೇನೆ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ರಾಗಿಯ ಕೆಲಸಕ್ಕೆ ಈ ಅಳತೆ ಸರಿಯಾಗಿ ಹೊಂದುತ್ತದೆ. ತಿಂಗಳ ಮೊತ್ತದಲ್ಲಿ ನಡುವಿನ ಒಣ ದಿನಗಳು ಕಾಣುವುದೇ ಇಲ್ಲ.

ಬಿತ್ತನೆಗೆ ನಾನು ಹಿಂದಿನಿಂದ ಲೆಕ್ಕ ಹಾಕುತ್ತೇನೆ. ಬೆಂಗಳೂರಿನ ಸುತ್ತ ಜೋರು ಮಳೆ ಸೆಪ್ಟೆಂಬರಿನಲ್ಲಿ. ತೆನೆ ಬರುವ ಹೊತ್ತಿಗೆ ಹುಬ್ಬ, ಉತ್ತರೆ ಮಳೆ ಸಿಗಬೇಕು. ಹಾಗಾದರೆ ಜುಲೈನ ಪುನರ್ವಸು, ಪುಷ್ಯದಲ್ಲಿ ಬಿತ್ತುವ ಕೂರಿಗೆ ಹೂಡಬೇಕು. ಡಬ್ಬಿಯಲ್ಲಿ ಒಳ್ಳೆ ಮಳೆ ಕಂಡರೂ ಸುಮ್ನೆ ಬಿತ್ತುವುದಿಲ್ಲ. ಗುದ್ದಲಿಯಿಂದ ಒಂದು ಗೇಣು ಅಗೆಯುತ್ತೇನೆ. ಕೆಳಗಿನ ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಅದು ಹದ. ಮೇಲೆ ಮಾತ್ರ ಒದ್ದೆ, ಕೆಳಗೆ ಪುಡಿಪುಡಿ ಅಂದರೆ ಇನ್ನೊಂದು ಮಳೆಗೆ ಕಾಯುತ್ತೇನೆ.

ಪುಷ್ಯದೊಳಗೆ ಹದ ಸಿಕ್ಕರೆ ಜಿಪಿಯು-28 ರಾಗಿ ತಳಿ. ಅದು ತಪ್ಪಿ ಆಶ್ಲೇಷ ಬಂದರೆ ಬೇಗ ಕೊಯ್ಲಿಗೆ ಬರುವ ಜಿಪಿಯು-48. ಮಘೆಯೂ ಕೈಕೊಟ್ಟರೆ ರಾಗಿ ಆಸೆ ಬಿಟ್ಟು ಹುರುಳಿ ಚೆಲ್ಲುತ್ತೇನೆ. ‘ಬಂದರೆ ಮಘೆ, ಹೋದರೆ ಹೊಗೆ’ ಅನ್ನುವ ಮಾತು ಸುಳ್ಳಲ್ಲ. ರಾಗಿಯ ನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ ಮಾತ್ರ ಬಿಡುವುದಿಲ್ಲ. ರಾಗಿ ಸೊರಗಿದ ವರ್ಷವೂ ಹಿಂಗಾರಿನ ಮಳೆಗೆ ಅವರೆ ಚೇತರಿಸಿಕೊಳ್ಳುತ್ತದೆ.

ಅಳೆಯುವ ವ್ಯವಧಾನ ಇಲ್ಲದವರು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಲೆಕ್ಕ ನೋಡಬಹುದು. ಅವರ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ನಾನೂ ನೋಡುತ್ತೇನೆ. ಆದರೆ ಒಂದೇ ಪಂಚಾಯಿತಿಯಲ್ಲಿ ಕೆರೆಯ ಆ ಕಡೆ ಸುರಿದು ಈ ಕಡೆ ಹನಿಯೂ ಬೀಳದ ದಿನಗಳಿವೆ. ಕೂರಿಗೆ ಕಟ್ಟುವ ದಿನ ನಾನು ನನ್ನ ಡಬ್ಬಿಯ ಲೆಕ್ಕವನ್ನೇ ನಂಬುತ್ತೇನೆ.