ಕಂಪ್ಯೂಟರಿನ ಧ್ವನಿ ಸಿಡಿಯುತ್ತಿದ್ದರೆ ಕಾರಣ ಹುಡುಕುವ ಬಗೆ

ಹಾಡು ಕೇಳುವಾಗಲೋ ಆನ್‌ಲೈನ್ ಪಾಠದ ನಡುವೆಯೋ ಕಂಪ್ಯೂಟರಿನ ಧ್ವನಿ ಚಟಚಟ ಸಿಡಿದರೆ ಅಥವಾ ತುಂಡುತುಂಡಾದರೆ, ಹೊಸ ಸ್ಪೀಕರ್ ಕೊಳ್ಳುವ ಮೊದಲು ಆ ಸದ್ದಿನ ಸ್ವರೂಪವನ್ನು ಗಮನವಿಟ್ಟು ಕೇಳಬೇಕು. ಏನೂ ನುಡಿಸದಿರುವಾಗಲೂ ಒಂದೇ ಸಮನೆ ಗುಂಯ್‌ಗುಡುವ ಸದ್ದು ಬಹುಮಟ್ಟಿಗೆ 50 ಹರ್ಟ್ಸಿನ ಮನೆಯ ವಿದ್ಯುತ್ತಿನದು. ಚಾರ್ಜರ್ ತೆಗೆದೊಡನೆ ಅದು ನಿಂತರೆ ಕಂಪ್ಯೂಟರ್ ಮತ್ತು ಸ್ಪೀಕರ್ ಎರಡನ್ನೂ ಅರ್ತಿಂಗ್ ಇರುವ ಒಂದೇ ಬೋರ್ಡಿಗೆ ಜೋಡಿಸಿ ನೋಡಿ. ಸದ್ದು ಹೋಗಲೆಂದು ಅರ್ತಿಂಗ್ ಪಿನ್ನನ್ನು ಮಾತ್ರ ಎಂದಿಗೂ ತೆಗೆಯಬೇಡಿ. ಅದು ಪ್ರಾಣಕ್ಕೆ ಅಪಾಯ.

ನುಡಿಸುವಾಗ ಮಾತ್ರ ಧ್ವನಿ ತುಂಡಾಗುತ್ತಿದ್ದರೆ ಕಾರಣ ಬೇರೆ. ವಿಂಡೋಸ್ ಸಾಮಾನ್ಯವಾಗಿ ಧ್ವನಿಯನ್ನು 10 ಮಿಲಿಸೆಕೆಂಡಿನಷ್ಟು ಚಿಕ್ಕ ಕಂತುಗಳಲ್ಲಿ ಸಿದ್ಧಪಡಿಸುತ್ತದೆ. ಅಷ್ಟರೊಳಗೆ ಯಾವುದಾದರೂ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ಚಿಕ್ಕ ತಂತ್ರಾಂಶ) ಪ್ರೊಸೆಸರನ್ನು ಬಿಡದೆ ಹಿಡಿದುಕೊಂಡರೆ ಮುಂದಿನ ಕಂತು ತಡವಾಗಿ, ನಡುವೆ ಉಳಿದ ಖಾಲಿ ಜಾಗವೇ ಸಿಡಿತವಾಗಿ ಕೇಳಿಸುತ್ತದೆ. ಆದ್ದರಿಂದಲೇ ದುಬಾರಿ, ವೇಗದ ಯಂತ್ರದಲ್ಲಿಯೂ ಈ ತೊಂದರೆ ಬರಬಹುದು.

ಮೊದಲು ಬೇರೆ ಹೆಡ್‌ಫೋನ್ ಹಾಕಿ ನೋಡಿ, ಯುಎಸ್‌ಬಿ ಸಾಧನವಾದರೆ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂಬ ದಾರಿಯಲ್ಲಿ ಹೋಗಿ ನಿಮ್ಮ ಸಾಧನವನ್ನು ಆರಿಸಿ, ಧ್ವನಿಗೆ ಮೆರುಗು ಕೊಡುವ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ.

ಇಷ್ಟಕ್ಕೂ ಬಗ್ಗದಿದ್ದರೆ, ಮನೆಬಳಕೆಗೆ ಉಚಿತವಾಗಿ ದೊರೆಯುವ ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಚಾಲೂ ಮಾಡಿ, ಹಾಡು ಹಾಕಿ, ಧ್ವನಿ ಕೆಡುವವರೆಗೆ ಕಾಯಿರಿ. ಅನಂತರ ಡ್ರೈವರ್ಸ್ ಪುಟದಲ್ಲಿ ಯಾವುದು ಅತಿ ಹೆಚ್ಚು ಹೊತ್ತು ತೆಗೆದುಕೊಂಡಿದೆಯೆಂದು ನೋಡಿ. ಎನ್‌ಡಿಐಎಸ್ ಎಂಬ ಹೆಸರು ಮೇಲಿದ್ದರೆ ಅನುಮಾನ ನೆಟ್‌ವರ್ಕಿನ ಮೇಲೆ: ವೈಫೈ ಆಫ್ ಮಾಡಿದಾಗ ಸಿಡಿತ ನಿಲ್ಲುವುದೇ ಎಂಬುದು ಸುಲಭದ ಪರೀಕ್ಷೆ. ಎನ್‌ವಿಯಿಂದ ಆರಂಭವಾಗುವ ಹೆಸರು ಬಹುಶಃ ಎನ್‌ವಿಡಿಯಾ ಗ್ರಾಫಿಕ್ಸಿನದು. ಎಸಿಪಿಐ ಎಂದಿದ್ದರೆ ವಿದ್ಯುತ್ ನಿರ್ವಹಣೆಯದು, ಅದಕ್ಕೆ ಬಯಾಸ್ (ಕಂಪ್ಯೂಟರನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ನೆರವಾಗಬಹುದು. ಸಂಬಂಧಪಟ್ಟ ಡ್ರೈವರನ್ನು ಯಂತ್ರ ತಯಾರಕರ ಜಾಲತಾಣದಿಂದಲೇ ಪಡೆಯಿರಿ, ತೊಂದರೆ ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಹಳೆಯ ಆವೃತ್ತಿಗೆ ಮರಳಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಪ್ರತಿ ಬದಲಾವಣೆಯ ನಂತರ ಕೇಳಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಅದು ಎಲ್ಲಿತ್ತೆಂದು ತಿಳಿಯದೆ, ಮತ್ತೆ ಬಂದಾಗ ಮೊದಲಿನಿಂದ ಹುಡುಕಬೇಕಾಗುತ್ತದೆ. ಬ್ಯಾಟರಿಯಲ್ಲಿರುವಾಗ ಮಾತ್ರ ಕೆಡುತ್ತಿದ್ದರೆ ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸಿಗೆ ತಿರುಗಿಸುವುದೇ ಸಾಕಾಗಬಹುದು.

ಮನೆಯಲ್ಲೇ ಹಾಡು ಧ್ವನಿಮುದ್ರಿಸುವವರು ಧ್ವನಿಮುದ್ರಣ ತಂತ್ರಾಂಶದಲ್ಲಿ ಬಫರನ್ನು, ಅಂದರೆ ಒಂದು ಕಂತಿನಲ್ಲಿರುವ ಧ್ವನಿಯ ಮಾದರಿಗಳ ಸಂಖ್ಯೆಯನ್ನು, 128ರಿಂದ 512ಕ್ಕೆ ಏರಿಸಿ ನೋಡಬೇಕು. 48,000 ಹರ್ಟ್ಸಿನಲ್ಲಿ, ಅಂದರೆ ಸೆಕೆಂಡಿಗೆ 48,000 ಮಾದರಿಗಳಿರುವಾಗ, ಇದರಿಂದ ಪ್ರತಿ ಕಂತಿನ ಅವಧಿ ಸುಮಾರು 2.7ರಿಂದ 10.7 ಮಿಲಿಸೆಕೆಂಡಿಗೆ ಏರುತ್ತದೆ. ಹಾಡುವಾಗ ತನ್ನ ದನಿ ತನಗೇ ತುಸು ತಡವಾಗಿ ಕೇಳಿಸೀತು, ಆದ್ದರಿಂದ ಹಾಡುವಾಗ ಕಡಿಮೆ, ಮಿಕ್ಸ್ ಮಾಡುವಾಗ ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು.

ಬ್ಲೂಟೂತ್ ಹೆಡ್‌ಸೆಟ್ಟಿನಲ್ಲಿ ಮೀಟಿಂಗ್ ಆರಂಭವಾದೊಡನೆ ಧ್ವನಿ ಹಳೆಯ ದೂರವಾಣಿಯಂತೆ ಮಂಕಾದರೆ ಅದು ದೋಷವಲ್ಲ. ಮೈಕ್ ಬಳಸುವಾಗ ಹೆಡ್‌ಸೆಟ್ ಕಡಿಮೆ ಗುಣಮಟ್ಟದ ಕರೆಯ ವಿಧಾನಕ್ಕೆ ಹೊರಳುತ್ತದೆ. ಮೀಟಿಂಗಿನ ಸೆಟ್ಟಿಂಗಿನಲ್ಲಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿದರೆ ಸಾಮಾನ್ಯವಾಗಿ ಧ್ವನಿ ಮೊದಲಿನಂತಾಗುತ್ತದೆ.